ಹದಿನಾಲ್ಕನೆಯ ಪಟ್ಟಿ

ನಿಕಲ್ ಶವಪೆಟ್ಟಿಗೆಯ ಹಿಡಿಯನ್ನು ತನ್ನ ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದ. ಎಲ್ಲರೂ ತಲೆ ತಗ್ಗಿಸಿ ನಿಂತ ಹೊತ್ತಿನಲ್ಲಿ ಆ ಕರಕರ ಸದ್ದು ಮನೆಯ ಹಾಲ್‌ ತುಂಬ ಕೇಳಿಸುತ್ತಿತ್ತು. ಎರಡು ಸಲ ಕೆರೆದ, ಉಗುರನ್ನು ಕಣ್ಣಿನ ಹತ್ತಿರ ತಂದು ನೋಡಿದ. ಮೂರನೆಯ ಸಲಕ್ಕೆ ಕೈ ಇಡುವಷ್ಟರಲ್ಲಿ ಸತ್ತವರ ಅಳಿಯ ಬಂದು ಪಕ್ಕದಲ್ಲಿ ನಿಂತ.

"ಏನ್ ಮಾಡ್ತಿದ್ದೀರಿ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದ.

"ಪ್ಲಾಸ್ಟಿಕ್ಕು," ಎಂದ ನಿಕಲ್, ಸಾವಿಗಿಂತ ದೊಡ್ಡ ಸುದ್ದಿ ತಿಳಿಸುವವನ ದನಿಯಲ್ಲಿ. "ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಕ್ರೋಮೇ ಅಲ್ಲ ಇದು."

"ಮಣ್ಣಿಗೆ ಹೋಗೋ ಪೆಟ್ಟಿಗೆಗೆ ಎಂಥ ಕ್ರೋಮ್ ರೀ?"

"ಆಸ್ಪತ್ರೇಲಿ ಮಂಚದ ಕಂಬಿ ಮುಟ್ಟಿ ನೋಡಿ, 'ಇದು ಕ್ರೋಮ್ ಅಲ್ಲ, ಬಣ್ಣ' ಅಂತ ನರ್ಸಿಗೆ ಹೇಳಿದ ಮನುಷ್ಯ. ಅದೇ ಅವರ ಕೊನೇ ಮಾತು. ನೀವೇ ಪಕ್ಕದಲ್ಲಿ ಇದ್ರಲ್ಲ?"

ಅಳಿಯ ಪಕ್ಕದಲ್ಲಿ ಇದ್ದದ್ದು ನಿಜ, ಮಾವ ಕೊನೆಗೆ ಏನಾದರೂ ಹಿತವಚನ ಹೇಳುತ್ತಾರೆಂದು ಕಿವಿಗೊಟ್ಟು ಬಗ್ಗಿದ್ದೂ ನಿಜ.

ನಿಕಲ್ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಪ್ಲೇಟಿಂಗ್ ಅಂಗಡಿ. ನಲ್ಲಿ, ಕಂಬಿ, ಬಂಪರ್, ಏನೇ ತಂದುಕೊಟ್ಟರೂ ನಿಕಲ್ ಲೋಹದ ಲೇಪ ಹತ್ತಿಸಿ, ಅದರ ಮೇಲೆ ಕ್ರೋಮ್ ಹತ್ತಿಸಿ, ಮುಖ ನೋಡಿಕೊಳ್ಳುವ ಹಾಗೆ ಮಾಡಿ ಕೊಡುತ್ತಿದ್ದ. ಅಪ್ಪನ ಕಾಲದಿಂದ ಬಂದ ಕೆಲಸ. ಈಗ ಅವನಿಗೆ ಅರವತ್ತು ದಾಟಿದೆ, ಹೆಸರು ಮಾತ್ರ ಎಂದೋ ಅಂಟಿಕೊಂಡು ಗಟ್ಟಿಯಾಗಿದೆ.

ಪೆಟ್ಟಿಗೆಯಲ್ಲಿ ಮಲಗಿದ್ದವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಊರಿನವರ ಬಾಯಲ್ಲಿ ಅಳತೆ ಸಾಹೇಬರು. ಮೂವತ್ತು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವರು, ನಿವೃತ್ತರಾದದ್ದೇ ಒಂದು ಹಳೆಯ ಕಾರು ತಂದು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದರು. ಅದು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಮಾಡಿ ತೋರಿಸುತ್ತೇನೆಂದು ಹಟ ಹಿಡಿದರು. ಎಂಜಿನ್ನಿಗೆ ಎರಡು ವರ್ಷ ಹಿಡಿಯಿತು, ಬಣ್ಣಕ್ಕೆ ಒಂದು. ಉಳಿದ ಹನ್ನೊಂದು ವರ್ಷ ಕಿಟಕಿಗಳ ಸುತ್ತ ಕೂರುವ ಹದಿನಾಲ್ಕು ಲೋಹದ ಪಟ್ಟಿಗಳಿಗೆ ಹೋಯಿತು. ಪಟ್ಟಿ ಹೊಳೆಯಬೇಕೋ, ಮಬ್ಬಾಗಿರಬೇಕೋ? ಹಳೆ ಕಾರಿನವರೊಂದಿಗೆ ಅವರ ಜಗಳವೆಲ್ಲ ಇಷ್ಟಕ್ಕೇ.

ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಒಳಗೆ ಬಂದ. ಕಣ್ಣಲ್ಲಿ ನೀರೂ ಇತ್ತು, ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣವೂ ಇತ್ತು. ಪೆಟ್ಟಿಗೆಯ ಮುಂದೆ ಒಂದು ನಿಮಿಷ ನಿಂತು, ನೇರವಾಗಿ ನಿಕಲ್ ಹತ್ತಿರ ಬಂದ.

"ಸಾಹೇಬ್ರು ಇಟ್ಕೊಂಡಿದ್ದ ಆ ಮಬ್ಬು ಮಾದರಿ ಪಟ್ಟಿ ಎಲ್ಲಿದೆ ನಿಂಗೆ ಗೊತ್ತಲ್ಲ? ಹೋಗಿ ತಗೊಂಡ್ ಬಾ."

"ಯಾಕೆ ಸಾರ್?"

"ಸಂಘದ ಆಫೀಸಲ್ಲಿ ಅದಕ್ಕೆ ಗಾಜಿನ ಪೆಟ್ಟಿಗೆ ಮಾಡ್ಸಿದ್ದೀನಿ. ಈ ಕಾರು ಇಟ್ಕೊಂಡಿರೋರೆಲ್ಲ ಇನ್ಮೇಲೆ ಅದನ್ನ ನೋಡ್ಕೊಂಡೇ ಪಟ್ಟಿ ಮಾಡಿಸ್ಕೋಬೇಕು. ಮೂರು ಜನ ಆಗ್ಲೇ ತಮ್ಮ ಹೊಳೆಯೋ ಪಟ್ಟಿ ಕಿತ್ತಿಟ್ಟು ಕೂತಿದ್ದಾರೆ. ಭಾಷಣದ ಕೊನೇಲಿ ಘೋಷಣೆ ಮಾಡಿ ಸಾಹೇಬ್ರ ಮನೆ ಅಮ್ಮನ ಕೈಯಿಂದ ತಗೋತೀನಿ. ಕೆಳಗಡೆ ಒಂದು ಕನ್ನಡೀನೂ ಹಾಕ್ಸಿದ್ದೀನಿ."

"ಕನ್ನಡಿ ಯಾಕೆ ಸಾರ್?"

"ಹಿಂಭಾಗದಲ್ಲಿ ಕಾರ್ಖಾನೆ ಗುರುತು ಇದೆಯಂತಲ್ಲ. ಸಾಹೇಬ್ರು ಯಾವಾಗ್ಲೋ ಹೇಳಿದ್ರು, ನಾನು ನೋಡಿಲ್ಲ. ಅದೂ ಜನಕ್ಕೆ ಕಾಣ್ಲಿ."

ನಿಕಲ್ ಬಾಗಿಲಾಚೆ ನಿಂತ ಕಾರುಗಳ ಕಡೆ ಕಣ್ಣು ಹಾಯಿಸಿದ. ಆ ಗುರುತು ಸಂಘದ ಅರ್ಧಕ್ಕರ್ಧ ಸದಸ್ಯರ ಬಂಪರಿನ ಹಿಂದೆ ಇತ್ತು. ಹೊರಗೆ ನಿಲ್ಲಿಸಿದ್ದ ಕಾರ್ಯದರ್ಶಿಯ ಕಾರಿನ ಬಂಪರಿನ ಹಿಂದೆಯೂ ಇತ್ತು.

* * *

ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಬೆಳಗ್ಗೆ ಸಾಹೇಬರು ಅಂಗಡಿಗೆ ಬಂದು, ಹತ್ತಿಯಲ್ಲಿ ಸುತ್ತಿಟ್ಟ ಗೇಣುದ್ದದ ಪಟ್ಟಿಯೊಂದನ್ನು ಮೇಜಿನ ಮೇಲೆ ಬಿಚ್ಚಿದ್ದರು. ಹಸುಗೂಸನ್ನು ಡಾಕ್ಟರಿಗೆ ತೋರಿಸುವಾಗಲೂ ಜನ ಅಷ್ಟು ಜೋಪಾನ ಮಾಡುವುದಿಲ್ಲ.

"ಹಿಂದಿನ ಸೀಟಿನ ಕೆಳಗೆ ಸಿಕ್ತು. ಒಂದ್ಸಲಾನೂ ಕಾರಿಗೆ ಹಾಕಿಲ್ಲ, ತೂತಲ್ಲಿ ಸ್ಕ್ರೂ ತಿರುಗಿದ ಗುರುತೇ ಇಲ್ಲ. ಅಂದ್ರೆ ಏನಾಯ್ತು? ಕಾರ್ಖಾನೆಯಿಂದ ಬಂದ ಹಾಗೇ ಇದೆ ಅಂತಾಯ್ತು. ಎಲ್ರೂ ಹೊಳೀಬೇಕು, ಹೊಳೀಬೇಕು ಅಂತಾರಲ್ಲ, ಈಗ ನೋಡು ಈ ಮಬ್ಬನ್ನ! ಬೆಳಗಿನ ಮಂಜು ಕೂತ ಹಾಗಿದೆ. ಇದನ್ನ ಮಾಡಿದೋನು ಸಾಮಾನ್ಯದೋನಲ್ಲ ಕಣಯ್ಯ. ಕೈ ಪಳಗಿದೋನು."

ನಿಕಲ್ ಪಟ್ಟಿಯನ್ನು ತಿರುಗಿಸಿದ. ಹಿಂಭಾಗದಲ್ಲಿ ಮೊಳೆಯಿಂದ ಗೀಚಿದ ಮೂರು ಗೀರು, ಒಂದು ಚುಕ್ಕಿ. ಬೇರೆ ಅಂಗಡಿಯವರ ಕೆಲಸದೊಂದಿಗೆ ಬೆರೆಯಬಾರದೆಂದು ತಮ್ಮ ಅಂಗಡಿಯಿಂದ ಹೊರಡುವ ಪ್ರತಿಯೊಂದಕ್ಕೂ ಅಪ್ಪ ಹಾಕಿಸುತ್ತಿದ್ದ ಗುರುತು ಅದು. ಈಗಲೂ ನಿಕಲ್ ಹಾಕುವ ಗುರುತು.

ಆ ಪಟ್ಟಿ ಅವನಿಗೆ ಚೆನ್ನಾಗಿ ನೆನಪಿತ್ತು. ಇಪ್ಪತ್ತರ ವಯಸ್ಸಿನಲ್ಲಿ, ಅಪ್ಪ ಇಲ್ಲದ ಹೊತ್ತಿನಲ್ಲಿ, ಅದನ್ನು ಕ್ರೋಮಿನ ತೊಟ್ಟಿಗೆ ಇಳಿಬಿಟ್ಟು ಕರೆಂಟು ಹಾಕಿದ್ದ. ಅಷ್ಟರಲ್ಲಿ ಎದುರುಗಡೆ ದರ್ಜಿಗೂ ಪಕ್ಕದ ಮನೆಯವನಿಗೂ ಜಗಳ ಹತ್ತಿಕೊಂಡಿತು. ಪಕ್ಕದ ಮನೆಯ ಕೋಳಿ ದರ್ಜಿ ಹೊಲಿದಿಟ್ಟ ಮದುವೆ ಕೋಟಿನ ಮೇಲೆ ಹೋಗಿ ಕೂತಿತ್ತು. ಇಂಥ ಜಗಳ ಬಿಟ್ಟು ತೊಟ್ಟಿ ಕಾಯುತ್ತಾ ಕೂರುವುದು ಯಾವ ಹುಲುಮಾನವನಿಗೂ ಸಾಧ್ಯವಿರಲಿಲ್ಲ. ನೋಡಿ ಬರುವಷ್ಟರಲ್ಲಿ ಕ್ರೋಮ್ ಸುಟ್ಟು ಮಬ್ಬು ಹಿಡಿದಿತ್ತು. ಅಪ್ಪ ನಾಲ್ಕು ಮಂದಿಯ ಎದುರು ಮುಖಕ್ಕೆ ಮಂಗಳಾರತಿ ಎತ್ತಿದ. ಕಾರಿನ ಆಗಿನ ಯಜಮಾನ ಪಟ್ಟಿ ನೋಡಿ ಮೂಗು ಮುರಿದು, ಸೀಟಿನಡಿ ಎಸೆದು ಹೋದ.

"ಇದೇನು ಗೀರು?" ಎಂದು ಕೇಳಿದರು ಸಾಹೇಬರು.

ನಿಜ ಹೇಳಲು ನಿಕಲ್ ಬಾಯಿ ತೆರೆದ. ಆದರೆ ಹುಟ್ಟಿದಾಗಿನಿಂದ ಅವನ ಕೈಯನ್ನು ಯಾರೂ ಹೊಗಳಿರಲಿಲ್ಲ. ಅಪ್ಪ ಒಂದು ಒಳ್ಳೆಯ ಮಾತು ಹೇಳದೆ ಸತ್ತಿದ್ದ. ಗಿರಾಕಿಗಳು ಹೊಳೆಯುವ ಬಂಪರಿನಲ್ಲಿ ತಮ್ಮ ಮುಖ ನೋಡಿಕೊಂಡು, ಕ್ರಾಪು ತೀಡಿಕೊಂಡು ಹೋಗುತ್ತಿದ್ದರು. ಕೈ ಪಳಗಿದವನು ಎಂದು ಕಿವಿಯಾರೆ ಕೇಳಿದ್ದು ಇದೇ ಮೊದಲು, ಅದೂ ತೂಕ ಅಳತೆಯ ಇನ್‌ಸ್ಪೆಕ್ಟರ ಬಾಯಿಂದ.

"ಕಾರ್ಖಾನೆ ಗುರುತಿರ್ಬೇಕು ಸಾರ್," ಎಂದುಬಿಟ್ಟ.

ಸಾಹೇಬರು ಜೇಬಿನಿಂದ ಪುಸ್ತಕ ತೆಗೆದು, ಮೂರು ಗೀರು ಒಂದು ಚುಕ್ಕಿ ಎಂದು ಬರೆದುಕೊಂಡರು. ನಿಕಲ್ ಅಂದಿನಿಂದ ಅವರ ಕಾರಿನ ಯಾವ ಪಟ್ಟಿಗೂ ಗುರುತು ಹಾಕಲಿಲ್ಲ.

ಆಮೇಲೆ ಶುರುವಾಯಿತು ಪಡಿಪಾಟಲು. ಒಳ್ಳೆಯ ಕೆಲಸ ಎಷ್ಟು ಸಲ ಬೇಕಾದರೂ ಮಾಡಬಹುದು, ಇಪ್ಪತ್ತರ ವಯಸ್ಸಿನಲ್ಲಿ ಮಾಡಿದ ತಪ್ಪನ್ನು ಐವತ್ತರಲ್ಲಿ ಅದೇ ಹದಕ್ಕೆ ಮಾಡು ಎಂದರೆ ಹೇಗೆ? ಕರೆಂಟು ಏರಿಸಿದ, ಇಳಿಸಿದ. ಒಂದು ಪಟ್ಟಿ ಕಪ್ಪಾಯಿತು, ಒಂದು ಹೊಳೆಯಿತು. ಜಗಳ ಎಷ್ಟು ಹೊತ್ತು ನಡೆದಿತ್ತೆಂದು ತಿಳಿಯದೆ ಗತಿಯಿರಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು, ಗಡಿಯಾರ ಎದುರಿಗಿಟ್ಟು, ದರ್ಜಿಯ ಬೈಗುಳ ಒಂದು ದನಿಯಲ್ಲಿ, ಪಕ್ಕದ ಮನೆಯವನ ಬೈಗುಳ ಇನ್ನೊಂದು ದನಿಯಲ್ಲಿ ತಾನೇ ಆಡಿ ನೋಡಿದ. ಓಣಿಯ ಜನ ಅವನ ಹೆಂಡತಿಯನ್ನು ಕರೆದು ಕನಿಕರದಿಂದ ವಿಚಾರಿಸಿದರು. ಕೊನೆಗೊಂದು ದಿನ, ನಡುವೆ ದರ್ಜಿಯ ಹೆಂಡತಿಯೂ ಬಂದು ಸೇರಿಕೊಂಡಿದ್ದಳೆಂಬುದು ನೆನಪಾಯಿತು. ಅವಳ ಪಾಲಿನ ಬೈಗುಳವನ್ನೂ ಸೇರಿಸಿದ ಮೇಲೆ ಹದ ಕುದುರಿತು.

ಮೂರು ವರ್ಷದಲ್ಲಿ ಹದಿಮೂರು ಪಟ್ಟಿಗಳು ಪಾಸಾಗಿ ಕಾರಿಗೆ ಕೂತವು. ಕೆಟ್ಟು ನಿಂತದ್ದು ಹದಿನಾಲ್ಕನೆಯದು. ಮಾದರಿಯ ಅಳತೆಯದೇ ಪಟ್ಟಿ ಅದು. ಮಾದರಿಯನ್ನೇ ಅಲ್ಲಿ ಹಾಕಿಬಿಡಿ ಎಂದು ಕಾರ್ಯದರ್ಶಿ ಒಮ್ಮೆ ಹೇಳಿ, "ಇಲಾಖೆಯ ಅಸಲಿ ಕಲ್ಲಿನಲ್ಲಿ ಈರುಳ್ಳಿ ತೂಗ್ತಾರೇನ್ರಿ?" ಎಂದು ಉಗಿಸಿಕೊಂಡಿದ್ದ. ಎರಡು ಮೂರು ತಿಂಗಳಿಗೊಮ್ಮೆ ನಿಕಲ್ ಹೊಸದೊಂದು ಮಾಡಿಡುತ್ತಿದ್ದ. ಶನಿವಾರ ಸಾಹೇಬರು ಬಂದು, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ತಲೆಯಾಡಿಸುತ್ತಿದ್ದರು.

"ಇನ್ನೊಂದು ಚೂರು ಮಬ್ಬಾಗ್ಬೇಕು ಕಣಯ್ಯ."

ಹಾಗೆಂದು ಆ ಪಟ್ಟಿಯನ್ನು ಜೇಬಿಗಿಳಿಸಿ, ಸ್ಟೂಲು ಎಳೆದುಕೊಂಡು ಕೂತು, ಚಹಾ ತರಿಸಿ, ಮಧ್ಯಾಹ್ನದವರೆಗೆ ಹರಟುತ್ತಿದ್ದರು. ಹೊಸದು ತಯಾರಿಲ್ಲದ ಶನಿವಾರವೂ, ಎಲ್ಲಿಗೆ ಬಂತು ನೋಡೋಣವೆಂದು ಬರುತ್ತಿದ್ದರು. ಹೀಗೆ ಎಂಟು ವರ್ಷ. ನಿಕಲ್ ಕನ್ನಡಕ ಬದಲಾಯಿಸಿದ, ತೊಟ್ಟಿ ಬದಲಾಯಿಸಿದ. ತನ್ನ ಕೈಯೇ ಹೋಯಿತೆಂದು ಮನಸ್ಸಿನಲ್ಲೇ ಕೊರಗಿದ. ಅವನ ಕಣ್ಣಿಗೆ ಮಾದರಿಯೂ ಹೊಸದೂ ಒಂದೇ ಥರ ಕಾಣುತ್ತಿದ್ದವು, ಆದರೆ ಅಳತೆ ಸಾಹೇಬರ ಕಣ್ಣಿಗೆ ಎದುರಾಡುವುದು ಹೇಗೆ?

* * *

ಈಗ ಶೆಡ್ಡಿನಲ್ಲಿ ಕಾರು ಹದಿಮೂರು ಮಬ್ಬು ಪಟ್ಟಿಗಳೊಂದಿಗೆ, ಒಂದು ಬೋಳು ಕಿಟಕಿಯೊಂದಿಗೆ ನಿಂತಿತ್ತು. ಅದರ ಪಕ್ಕದ ಮೇಜಿನ ಮೇಲೆ ಮಾದರಿಯ ಮರದ ಪೆಟ್ಟಿಗೆ. ನಿಕಲ್ ಹಾಲ್‌ನಿಂದ ಇಲ್ಲಿಯವರೆಗೂ ಒಂದೇ ಯೋಚನೆ ಮಾಡಿಕೊಂಡು ಬಂದಿದ್ದ. ಗುರುತನ್ನು ಅರದಿಂದ ಉಜ್ಜಿಬಿಡಬೇಕು. ಇಲ್ಲದಿದ್ದರೆ ಆ ಕನ್ನಡಿಯಲ್ಲಿ ಮೂರು ಗೀರು ಒಂದು ಚುಕ್ಕಿ ಕಂಡ ದಿನವೇ ತನ್ನ ಮಾನ ಹರಾಜು. ಅದು ಹೋಗಲಿ, ಸತ್ತ ಮೇಲೆ ಸಾಹೇಬರು ಊರಿನ ಬಾಯಿಗೆ ಸಿಕ್ಕಿ ನಗೆಪಾಟಲಾಗುತ್ತಾರಲ್ಲ. ಮೂವತ್ತು ವರ್ಷ ಒಂದು ಗುಂಜಿ ತೂಕವೂ ತಪ್ಪದ ಮನುಷ್ಯ, ಕೊನೆಗೆ ಒಂದು ಕೋಳಿಜಗಳದ ಕೈಯಲ್ಲಿ ಮೋಸಹೋದ ಎನ್ನುತ್ತಾರಲ್ಲ.

ಪಟ್ಟಿಯನ್ನು ಎತ್ತಿ ತಿರುಗಿಸಿದ. ಗುರುತು ಇರಲಿಲ್ಲ. ಗುರುತಿನ ಜಾಗದಲ್ಲಿ ಹಸಿರು ಉಣ್ಣೆಬಟ್ಟೆಯ ತುಂಡೊಂದು ನಾಲ್ಕು ಮೂಲೆ ಸರಿಯಾಗಿ ಅಂಟಿತ್ತು. ಕಿಟಕಿ ಗಾಜು ಗಡಗಡ ಎನ್ನದಂತೆ ಒಳಗೆ ಹಾಕುವ ಬಟ್ಟೆ ಅದು. ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಮೂರು ಗೀರು, ಒಂದು ಚುಕ್ಕಿ.

"ಅವರ ಕನ್ನಡಕ ಇಲ್ಲೇನಾದ್ರೂ ಇದೆಯಾ ನೋಡಪ್ಪ," ಎನ್ನುತ್ತ ಸಾಹೇಬರ ಹೆಂಡತಿ ಒಳಗೆ ಬಂದರು. "ಕನ್ನಡಕ ಇಲ್ದೆ ಮಲಗಿದ್ರೆ ಬೇರೆ ಯಾರನ್ನೋ ಕಳಿಸ್ತಿರೋ ಹಾಗೆ ಅನ್ಸುತ್ತೆ."

ನಿಕಲ್‌ಗೆ ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. "ಅಕ್ಕಾ, ಒಂದು ತಪ್ಪಾಗಿದೆ," ಎಂದು ಶುರು ಮಾಡಿ ಕೋಳಿ, ಕೋಟು, ತೊಟ್ಟಿ, ಗುರುತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಹೇಳಿ ಮುಗಿಸಿ ತಲೆ ಬಗ್ಗಿಸಿ ನಿಂತ.

ಅವರು ಕಾರಿನ ಬಾನೆಟ್ಟಿಗೆ ಒರಗಿದರು. ಆಮೇಲೆ ಕೇಳಿದರು, "ನಮ್ಮ ಬಚ್ಚಲುಮನೆ ಟವೆಲ್ ಕಂಬಿ ನೆನಪಿದೆಯಾ?"

"ಕಂಬಿ?"

"ಎಂಟು ವರ್ಷದ ಹಿಂದೆ ನಿನ್ನ ಹತ್ರ ಕಳಿಸಿ ಹೊಳಪು ಮಾಡ್ಸಿದ್ದೆ. ಅದನ್ನ ಗೋಡೆಗೆ ಹಾಕ್ತೀನಿ ಅಂತ ಹೋದೋರು ಅದರ ಹಿಂಭಾಗ ನೋಡಿ ಬಚ್ಚಲಲ್ಲೇ ಕೂತ್ಬಿಟ್ರು. ಭೂತಗನ್ನಡಿ ತಾ ಅಂದ್ರು. ಕೊಟ್ಟೆ. ಪುಸ್ತಕ ತಾ ಅಂದ್ರು. ಕೊಟ್ಟೆ. ಆಮೇಲೆ ನಗೋಕೆ ಶುರು ಮಾಡಿದ್ರು ನೋಡು, ಜಾರಿ ಬಿದ್ದು ತಲೆಗೆ ಪೆಟ್ಟಾಯ್ತೇನೋ ಅಂತ ನಂಗೆ ಗಾಬರಿ. ಏನ್ರೀ ಅಂದ್ರೆ, 'ನಮ್ಮ ಟವೆಲ್ ಕಂಬೀನ ಕಾರು ಕಾರ್ಖಾನೆಯೋರು ಮಾಡಿದ್ದಾರೆ ಕಣೇ' ಅಂತ ಮತ್ತೆ ನಗು. ಅವತ್ತೇ ಸಂಜೆ ಇಲ್ಲಿ ಕೂತು ಆ ಬಟ್ಟೆ ಅಂಟಿಸಿದ್ರು. ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡು."

ನಿಕಲ್ ಬಾಯಿ ತೆರೆದವನು ಮುಚ್ಚಲು ಮರೆತ. "ಗೊತ್ತಿತ್ತಾ? ಎಂಟು ವರ್ಷದಿಂದ? ಮತ್ತೆ ಪ್ರತಿ ಸಲ ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಯಾಕೆ ನನ್ನ ಜೀವ ತಿಂದ್ರು?"

ಅವರು ಮೇಜಿನ ಕೆಳಗಿನ ಖಾನೆ ಎಳೆದರು. ಒಳಗೆ ಪಟ್ಟಿಗಳು, ಎಂಟು ವರ್ಷದ ಹದಿನಾಲ್ಕನೆಯ ಪಟ್ಟಿಗಳು, ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ನಿಕಲ್ ಮೊದಲನೆಯದನ್ನು ಎತ್ತಿ ಓದಿದ. ತಾರೀಕು, ಸಾಹೇಬರ ಸಹಿ, ನಡುವೆ ಅವರ ಗುಂಡನೆಯ ಇಲಾಖಾ ಅಕ್ಷರ: ಪರೀಕ್ಷಿಸಲಾಗಿದೆ. ಮಾದರಿಗೆ ಸರಿಸಮ. ಎರಡನೆಯದನ್ನು ಎತ್ತಿದ. ಪರೀಕ್ಷಿಸಲಾಗಿದೆ. ಮಾದರಿಗೆ ಸರಿಸಮ. ಮೂವತ್ತೆಂಟು ಪಟ್ಟಿಗಳು, ಮೂವತ್ತೆಂಟು ಚೀಟಿಗಳು. ಒಂದರಲ್ಲೂ ತಕರಾರಿಲ್ಲ.

"ಬಾಯಲ್ಲಿ ಸುಳ್ಳು ಹೇಳೋಕೆ ಹೇಗೋ ಕಲಿತಿದ್ರು," ಎಂದರು ಅವರು. "ಬರೆಯೋಕೆ ಮಾತ್ರ ಬರ್ಲಿಲ್ಲ. ಹದಿನಾಲ್ಕೂ ಆಗಿಹೋಗಿದ್ರೆ ಶನಿವಾರ ಎಲ್ಲಿಗೆ ಹೋಗ್ತಿದ್ರು ಹೇಳು? ಮನೇಲಿ ಕೂತ್ರೆ ನನ್ನ ಅಡುಗೆಮನೆ ಡಬ್ಬಗಳನ್ನ ತೂಗ್ತಿದ್ರು. ನಾನಂತೂ ಕಾರಣ ಕೇಳೋಕೆ ಹೋಗ್ಲಿಲ್ಲ."

ನಿಕಲ್‌ಗೆ ಮೊದಲು ಸಿಟ್ಟು ಬಂತು. ಮುದುಕ ಎಂಟು ವರ್ಷ ತನ್ನ ಎದುರು ಕೂತು, ಚಹಾ ಕುಡಿದು, ಒಳಗೊಳಗೇ ನಕ್ಕಿದ್ದಾನೆ. ಆಮೇಲೆ ನಗು ಬಂತು. ನಗುತ್ತ ನಗುತ್ತ ಯಾವಾಗ ಅಳತೊಡಗಿದನೋ ಅವನಿಗೇ ತಿಳಿಯಲಿಲ್ಲ. ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಈಗ ಕಾರಿನ ಹಿಂದಿನ ಬಾಗಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವರು ಅವನ ಬೆನ್ನು ಸವರಿ, ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡು, ಕಪಾಟಿನಿಂದ ಕನ್ನಡಕವನ್ನೂ ಅಂಟಿನ ಟ್ಯೂಬನ್ನೂ ಹುಡುಕಿ ತೆಗೆದರು.

"ಮೂಲೆ ಎಬ್ಬಿಸಿಟ್ಟಿದ್ದೀಯಲ್ಲ. ಅಂಟಿಸು," ಎಂದರು.

* * *

ಹಾಲ್‌ನಲ್ಲಿ ಕಾರ್ಯದರ್ಶಿ ನಾಲ್ಕನೆಯ ಹಾಳೆಗೆ ಬಂದಿದ್ದ. ಅಳಿಯ ಆಕಳಿಕೆ ನುಂಗುತ್ತಿದ್ದ. "ಆದ್ದರಿಂದ, ಆ ಅಮೂಲ್ಯ ಮಾದರಿಯನ್ನು ಶಾಶ್ವತವಾಗಿ ಕಾಪಾಡುವ ಹೊಣೆಯನ್ನು ನಮ್ಮ ಸಂಘ..." ಎನ್ನುತ್ತ ಕಾರ್ಯದರ್ಶಿ ನಿಕಲ್ ಕಡೆ ಕೈ ಚಾಚಿದ.

ನಿಕಲ್ ಪಟ್ಟಿಯನ್ನು ಎದೆಗೆ ಒತ್ತಿಕೊಂಡ. ಮಾತು ಸಾಹೇಬರ ಹೆಂಡತಿಯಿಂದ ಬಂತು.

"ಅದು ಅವರ ಹತ್ರಾನೇ ಇರುತ್ತೆ."

"ಅಮ್ಮಾ, ಅದು ನಾಲ್ಕು ಜನಕ್ಕೆ ಅಳತೆಗೋಲು. ಮಣ್ಣಿಗೆ ಹಾಕೋದು ಅಂದ್ರೆ..."

"ಅಸಲಿ ಅಳತೆ ಇಲಾಖೆಯೋರ ಹತ್ರಾನೇ ಇರ್ಬೇಕು ಅಂತ ಜೀವಮಾನ ಪೂರ್ತಿ ಹೇಳ್ಕೊಂಡು ಬಂದ್ರು. ಇಲಾಖೆ ಈಗ ಹೊರಟಿದೆ. ದಾರಿ ಬಿಡಿ."

ಕಾರ್ಯದರ್ಶಿ ತಬ್ಬಿಬ್ಬಾದ. "ಮತ್ತೆ ಆ ಮೂರು ಜನ? ಪಟ್ಟಿ ಕಿತ್ತು ಕಾಯ್ತಿದ್ದಾರಲ್ಲ?"

"ವಾಪಸ್ ಹಾಕ್ಕೊಳ್ಳೋಕೆ ಹೇಳಿ ಸಾರ್," ಎಂದ ನಿಕಲ್. "ಅವರ ಕಾರಿಗೆ ಹೊಳೆಯೋದೇ ಸರಿ. ನಲವತ್ತು ವರ್ಷ ಈ ಕೆಲಸ ಮಾಡಿದೋನು ಹೇಳ್ತಿದ್ದೀನಿ, ಬೇಕಾದ್ರೆ ಬರೆದು ಸಹಿ ಹಾಕ್ತೀನಿ. ಈ ಮಬ್ಬು ಬೇರೆ. ಇದು ಈ ಒಂದು ಕಾರಿಂದು ಮಾತ್ರ."

ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕಾರ್ಯದರ್ಶಿ ಭಾಷಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಹೊರಗೆ ವ್ಯಾನು ಬಂದು ನಿಂತಿತು. ಮುಚ್ಚಳ ಹಿಡಿದವನು ಒಳಗೆ ಬಂದು ಗಡಿಯಾರ ನೋಡಿದ. ನಿಕಲ್ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಪಟ್ಟಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಇದ್ದ.

"ಹೊತ್ತಾಯ್ತು ಸಾರ್," ಎಂದ ಮುಚ್ಚಳದವನು.

"ಒಂದು ನಿಮಿಷ. ಅಂಟು ಹಿಡೀಲಿ."

ಯಾವ ಅಂಟು, ಎಲ್ಲಿಯ ಅಂಟು ಎಂದು ಅಳಿಯ ಕೇಳಬೇಕೆಂದಿದ್ದ. ಅತ್ತೆಯ ಮುಖ ನೋಡಿ ತೆಪ್ಪಗಾದ. ಮನೆ ತುಂಬಿದ ಜನ ಅಂಟು ಹಿಡಿಯುವುದನ್ನು ಕಾಯುತ್ತ ನಿಂತರು. ಸಾಹೇಬರ ಹೆಂಡತಿ ಗಂಡನ ಮುಖಕ್ಕೆ ಕನ್ನಡಕ ಹಾಕಿ, ಎರಡೂ ಬದಿ ಸಮ ಮಾಡಿ, ನಿಕಲ್‌ನನ್ನು ಮೆಲ್ಲಗೆ ಕೇಳಿದರು.

"ಹದಿನಾಲ್ಕನೇದು ಯಾವಾಗ ಹಾಕ್ತೀಯ? ಮೂವತ್ತೆಂಟು ಇದೆಯಲ್ಲ, ಯಾವುದಾದ್ರೂ ಒಂದು."

"ಶನಿವಾರ ಬರ್ತೀನಿ ಅಕ್ಕ. ಬೆಳಕಿಗೆ ಹಿಡಿದು ನೋಡೋಣ." ನಿಕಲ್ ಹೆಬ್ಬೆರಳು ತೆಗೆದು, ಮೂಲೆಯನ್ನು ಮುಟ್ಟಿ ಪರೀಕ್ಷಿಸಿದ. "ಇನ್ನೊಂದು ಚೂರು ಮಬ್ಬಾಗ್ಬೇಕು ಅನ್ಸುತ್ತೆ."

"ನಂಗೂ ಹಾಗೇ ಅನ್ಸುತ್ತೆ," ಎಂದರು ಅವರು.

ನಿಕಲ್ ಬಗ್ಗಿ, ಸಾಹೇಬರ ಕೋಟಿನ ಮೇಲುಜೇಬಿನಲ್ಲಿ, ಸದಾ ಭೂತಗನ್ನಡಿ ಇರುತ್ತಿದ್ದ ಜಾಗದಲ್ಲಿ, ಬಟ್ಟೆಯ ಬದಿ ಎದೆಗೆ ತಾಗುವಂತೆ ಪಟ್ಟಿಯನ್ನು ಸಿಕ್ಕಿಸಿದ. ಅರ್ಧ ಒಳಗೆ ಹೋಯಿತು, ಅರ್ಧ ಹೊರಗೆ ನಿಂತಿತು. ಮುಚ್ಚಳದವನು ಬದಿಗೆ ಸರಿದಾಗ ಕಿಟಕಿಯ ಬಿಸಿಲು ನೇರವಾಗಿ ಪೆಟ್ಟಿಗೆಯೊಳಗೆ ಬಿತ್ತು. ಕೋಟಿನ ಗುಂಡಿಗಳು ಹೊಳೆದವು, ಕನ್ನಡಕದ ಗಾಜು ಹೊಳೆಯಿತು, ಪ್ಲಾಸ್ಟಿಕ್ಕಿನ ಹಿಡಿಗಳು ಕೂಡ ಪಳಪಳ ಹೊಳೆದವು. ಪಟ್ಟಿ ಮಾತ್ರ ಒಂದು ಚೂರೂ ಹೊಳೆಯಲಿಲ್ಲ.